ಉರುಗ್ವೆ ಜೆರ್ಸಿಯ ಮೇಲಿನ ಆ ಎರಡು ನಕ್ಷತ್ರಗಳು

ಉರುಗ್ವೆ ತಂಡದ ತಿಳಿನೀಲಿ ಜೆರ್ಸಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಎದೆಯ ಮೇಲಿನ ಲಾಂಛನದ ಮೇಲ್ಗಡೆ ನಾಲ್ಕು ಪುಟ್ಟ ನಕ್ಷತ್ರಗಳಿವೆ. ಫುಟ್‌ಬಾಲ್‌ನಲ್ಲಿ ಒಂದು ನಕ್ಷತ್ರ ಅಂದರೆ ಒಂದು ವಿಶ್ವಕಪ್. ಬ್ರೆಜಿಲ್‌ಗೆ ಐದು, ಜರ್ಮನಿಗೆ ನಾಲ್ಕು, ಅರ್ಜೆಂಟೀನಾಗೆ ಮೂರು. ಉರುಗ್ವೆ ಗೆದ್ದಿರುವುದು 1930 ಮತ್ತು 1950ರಲ್ಲಿ, ಎರಡೇ ಸಲ. ಹಾಗಾದರೆ ಇನ್ನೆರಡು ನಕ್ಷತ್ರ ಎಲ್ಲಿಂದ ಬಂದವು?

ವಿಶ್ವಕಪ್ ಬಂದಾಗೆಲ್ಲ ಈ ಪ್ರಶ್ನೆ ಏಳುತ್ತದೆ. ಉತ್ತರ ಒಂದೇ ಸಾಲಿನಲ್ಲಿ ಮುಗಿಯುತ್ತದೆ: 1924 ಮತ್ತು 1928ರ ಒಲಿಂಪಿಕ್ ಚಿನ್ನವನ್ನೂ ಅವರು ಲೆಕ್ಕಕ್ಕೆ ಹಿಡಿದಿದ್ದಾರೆ. ಉತ್ತರವೇನೋ ಸರಿ. ಆದರೆ ಅದನ್ನು ಕೇಳಿದ ಮೇಲೆ ಗೊಂದಲ ಇನ್ನೂ ಜಾಸ್ತಿಯಾಗುತ್ತದೆ. ಒಲಿಂಪಿಕ್ ಚಿನ್ನ ಬೆಲ್ಜಿಯಂ ಹತ್ತಿರವೂ ಇದೆ, ಸ್ವೀಡನ್ ಹತ್ತಿರವೂ ಇದೆ. ಅವರು ಯಾಕೆ ನಕ್ಷತ್ರ ಹಾಕಿಕೊಂಡಿಲ್ಲ? ಒಲಿಂಪಿಕ್ಸ್ ಇದ್ದ ಮೇಲೆ ವಿಶ್ವಕಪ್ ಅಂತ ಬೇರೆ ಒಂದು ಟೂರ್ನಿ ಯಾಕೆ ಬೇಕಾಯಿತು? ಈ ಪ್ರಶ್ನೆಗಳ ಬೆನ್ನು ಹತ್ತಿ ಹೋದರೆ ನಾವು ಕೊನೆಗೆ ತಲುಪುವುದು ಕ್ರೀಡಾಂಗಣಕ್ಕಲ್ಲ. ಆಟಗಾರನ ಮನೆಯ ಅಡುಗೆಮನೆಗೆ.

ಸುಮ್ನೆ ಹೀಗೆ ಯೋಚಿಸಿ. ನೀವು ಕಲ್ಲು ಕೆಲಸದವರು, ದಿನಗೂಲಿ. ಭಾನುವಾರ ಫುಟ್‌ಬಾಲ್ ಆಡುತ್ತೀರಿ, ಊರಲ್ಲಿ ಒಳ್ಳೇ ಆಟಗಾರ ಅಂತ ಹೆಸರಿದೆ. ಒಂದು ದಿನ ದೇಶದ ತಂಡದಿಂದ ಕರೆ ಬರುತ್ತದೆ. ಹಡಗಿನಲ್ಲಿ ಹೋಗಬೇಕು, ಆಡಬೇಕು, ಹಡಗಿನಲ್ಲೇ ವಾಪಸ್ ಬರಬೇಕು. ಕೆಲವು ತಿಂಗಳ ಮಾತು. ಅಷ್ಟು ದಿನದ ಕೂಲಿ ಹೋಯಿತು. ಮನೆಯಲ್ಲಿ ಒಲೆ ಉರಿಯಬೇಕು ಅಲ್ವಾ? ಆಗ ಫುಟ್‌ಬಾಲ್ ಸಂಸ್ಥೆಯವರು, ‘ಹೋದ ಕೂಲಿಯನ್ನು ನಾವು ಕಟ್ಟಿಕೊಡುತ್ತೇವೆ, ನೀವು ಬನ್ನಿ’ ಅನ್ನುತ್ತಾರೆ. ಆ ದುಡ್ಡು ತೆಗೆದುಕೊಂಡರೆ ನೀವು ಏನಾದಿರಿ? ಖುಷಿಗೆ ಆಡುವವರಾ, ದುಡ್ಡಿಗೆ ಆಡುವವರಾ?

ಇಂಗ್ಲಿಷರು ಈ ಹಣಕ್ಕೆ ‘ಬ್ರೋಕನ್ ಟೈಮ್’ ಅಂತ ಹೆಸರಿಟ್ಟಿದ್ದರು. ಮುರಿದುಹೋದ ಕೆಲಸದ ಹೊತ್ತಿಗೆ ಕೊಡುವ ಪರಿಹಾರ. ಇದು ಸರಿಯೋ ತಪ್ಪೋ ಅನ್ನುವ ಜಗಳವೇ ಒಲಿಂಪಿಕ್ಸ್‌ನಿಂದ ಫುಟ್‌ಬಾಲನ್ನು ಹೊರಗೆ ಎಳೆದು ತಂದು ವಿಶ್ವಕಪ್ಪನ್ನು ಹುಟ್ಟಿಸಿತು. ನನ್ನ ಪ್ರಕಾರ ಫುಟ್‌ಬಾಲ್ ಚರಿತ್ರೆಯಲ್ಲಿ ಇಷ್ಟು ಮುಖ್ಯವಾದ, ಆದರೆ ಇಷ್ಟು ಕಡಿಮೆ ಜನ ಮಾತಾಡುವ ವಿಷಯ ಮತ್ತೊಂದಿಲ್ಲ.

ವಾಸ್ತುಶಿಲ್ಪಿ, ವಕೀಲ, ಗಣಿತಜ್ಞ

ದೇಶ-ದೇಶಗಳ ನಡುವಿನ ಮೊದಲ ಅಧಿಕೃತ ಪಂದ್ಯ ನಡೆದದ್ದು 1872ರ ನವೆಂಬರ್ 30ರಂದು, ಗ್ಲಾಸ್ಗೋ ಪಕ್ಕದ ಪಾರ್ಟಿಕ್‌ನಲ್ಲಿ. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್. ಆಡಿದ್ದು ಕ್ರಿಕೆಟ್ ಮೈದಾನದಲ್ಲಿ. ಸ್ಕಾಟ್ಲೆಂಡಿನ ಹನ್ನೊಂದೂ ಜನ ಕ್ವೀನ್ಸ್ ಪಾರ್ಕ್ ಅನ್ನುವ ಒಂದೇ ಕ್ಲಬ್ಬಿನವರು. ಯಾರೂ ಗೋಲು ಹೊಡೆಯಲಿಲ್ಲ, 0-0. 1884ರ ಹೊತ್ತಿಗೆ ಬ್ರಿಟನ್ನಿನ ನಾಲ್ಕು ನಾಡುಗಳು ತಮ್ಮತಮ್ಮಲ್ಲೇ ಒಂದು ಚಾಂಪಿಯನ್‌ಷಿಪ್ ಶುರು ಮಾಡಿಕೊಂಡವು. ಮೊದಲ ವರ್ಷ ಸ್ಕಾಟ್ಲೆಂಡ್ ಗೆದ್ದಿತು.

ಮರುವರ್ಷವೇ, 1885ರಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ದುಡ್ಡು ತೆಗೆದುಕೊಂಡು ಆಡುವುದನ್ನು ಒಪ್ಪಿಕೊಂಡಿತು. ಅಲ್ಲಿಂದ ಆಟಗಾರರು ಎರಡು ಜಾತಿಯಾದರು: ಹವ್ಯಾಸಿ ಮತ್ತು ವೃತ್ತಿಪರ. ಒಲಿಂಪಿಕ್ಸ್ ಬಾಗಿಲು ತೆರೆದಿದ್ದು ಹವ್ಯಾಸಿಗಳಿಗೆ ಮಾತ್ರ.

1900ರ ಪ್ಯಾರಿಸ್, 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲೂ ಫುಟ್‌ಬಾಲ್ ಇತ್ತು. ಆದರೆ ಆಡಿದ್ದು ದೇಶದ ತಂಡಗಳಲ್ಲ, ಕೈಬೆರಳೆಣಿಕೆಯ ಕ್ಲಬ್ಬುಗಳು. ನಿಜವಾದ ದೇಶದ ತಂಡಗಳು ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ಗೆ. ಫ್ರಾನ್ಸ್ ಆಗ ಎರಡು ತಂಡ ಕಳಿಸಿತ್ತು. ಡೆನ್ಮಾರ್ಕ್ ಒಂದನ್ನು 9-0, ಇನ್ನೊಂದನ್ನು 17-1ರಿಂದ ಸೋಲಿಸಿತು. ಆ 17ರಲ್ಲಿ 10 ಗೋಲು ಸೋಫಸ್ ನೀಲ್ಸನ್ ಒಬ್ಬನೇ ಹೊಡೆದ.

ಅದೇ ಡೆನ್ಮಾರ್ಕ್ ತಂಡದ ನಡುಸಾಲಿನಲ್ಲಿ ಹೆರಾಲ್ಡ್ ಬೋರ್ ಅನ್ನುವ ತರುಣನಿದ್ದ. ಪರಮಾಣುವಿನ ಒಳಗನ್ನು ವಿವರಿಸಿ ನೊಬೆಲ್ ಪಡೆದ ನೀಲ್ಸ್ ಬೋರ್ ಇದ್ದಾರಲ್ಲ, ಅವರ ತಮ್ಮ. ಹೆರಾಲ್ಡ್ ಮುಂದೆ ದೊಡ್ಡ ಗಣಿತಜ್ಞರಾದರು. 1910ರಲ್ಲಿ ಅವರು ಡಾಕ್ಟರೇಟ್ ಪ್ರಬಂಧ ಮಂಡಿಸಿದಾಗ ಸಭೆಯಲ್ಲಿ ಗಣಿತದವರಿಗಿಂತ ಫುಟ್‌ಬಾಲ್ ಅಭಿಮಾನಿಗಳೇ ಜಾಸ್ತಿ ಇದ್ದರಂತೆ.

ಫೈನಲ್‌ನಲ್ಲಿ ಡೆನ್ಮಾರ್ಕನ್ನು 2-0ರಿಂದ ಸೋಲಿಸಿ ಚಿನ್ನ ಗೆದ್ದದ್ದು ಗ್ರೇಟ್ ಬ್ರಿಟನ್. ಅದರ ನಾಯಕ ವಿವಿಯನ್ ವುಡ್‌ವರ್ಡ್ ವೃತ್ತಿಯಲ್ಲಿ ವಾಸ್ತುಶಿಲ್ಪಿ. ಟಾಟನ್‌ಹ್ಯಾಮ್ ಕ್ಲಬ್ಬಿನಲ್ಲಿ ಸಂಬಳದ ಆಟಗಾರರ ಜೊತೆ ಭುಜಕ್ಕೆ ಭುಜ ಕೊಟ್ಟು ಆಡಿಯೂ ತಾನು ಸಂಬಳ ಮುಟ್ಟದವನು. ತಂಡದ ಇನ್ನೊಬ್ಬ ಆಟಗಾರ ಹೆರಾಲ್ಡ್ ಹಾರ್ಡ್‌ಮನ್ ವಕೀಲ. ಎಷ್ಟೋ ವರ್ಷಗಳ ನಂತರ ಮ್ಯಾಂಚೆಸ್ಟರ್ ಯುನೈಟೆಡ್‌ನ ಅಧ್ಯಕ್ಷರಾದವರು ಇವರೇ.

ಇವರೆಲ್ಲ ಒಳ್ಳೆಯ ಆಟಗಾರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಮನಿಸಿ: ವಾಸ್ತುಶಿಲ್ಪಿ, ವಕೀಲ, ಗಣಿತಜ್ಞ. ನಾಲ್ಕು ವಾರ ಕೆಲಸ ಬಿಟ್ಟರೂ ಮನೆ ನಡೆಯುವವರು. ‘ಆಟ ಆಟಕ್ಕಾಗಿ, ದುಡ್ಡು ಮುಟ್ಟಬಾರದು’ ಅನ್ನುವ ನಿಯಮ ಕೇಳಲು ಎಷ್ಟು ಚೆನ್ನಾಗಿದೆ! ಪಾಲಿಸಲು ಮಾತ್ರ ಜೇಬಿನಲ್ಲಿ ದುಡ್ಡಿರಬೇಕು.

ಹಾಗಾದರೆ ದುಡ್ಡಿಲ್ಲದವರು ಹೊರದೇಶಕ್ಕೆ ಹೋಗಿ ಆಡಿದರೆ ಏನಾಗುತ್ತಿತ್ತು? ಅದಕ್ಕೂ ಒಂದು ಉದಾಹರಣೆ ಇದೆ. 1909ರಲ್ಲಿ ಇಟಲಿಯ ಟೂರಿನ್ ನಗರದಲ್ಲಿ ಸರ್ ಥಾಮಸ್ ಲಿಪ್ಟನ್ ಟ್ರೋಫಿ ಎಂಬ ಟೂರ್ನಿ ನಡೆಯಿತು. ಹೌದು, ಚಹಾ ಪೊಟ್ಟಣದ ಮೇಲಿರುವ ಅದೇ ಲಿಪ್ಟನ್. ಇಟಲಿ, ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಿಂದ ತಂಡಗಳು ಬಂದವು. ಇಂಗ್ಲೆಂಡಿನಿಂದ ಬಂದದ್ದು ವೆಸ್ಟ್ ಆಕ್ಲೆಂಡ್. ಡರಮ್ ಸೀಮೆಯ ಒಂದು ಹಳ್ಳಿ ತಂಡ. ಹೆಚ್ಚಿನವರು ಕಲ್ಲಿದ್ದಲು ಗಣಿಯ ಕೆಲಸಗಾರರು. ಅವರು ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್ ತಂಡವನ್ನು 2-0ರಿಂದ ಸೋಲಿಸಿ ಕಪ್ ಗೆದ್ದರು. 1911ರಲ್ಲಿ ಮತ್ತೆ ಹೋಗಿ ಯುವೆಂಟಸ್ ತಂಡವನ್ನು, ಅದರದೇ ಊರಿನಲ್ಲಿ, 6-1ರಿಂದ ಮಣಿಸಿದರು. ಎರಡು ಸಲ ಗೆದ್ದ ಮೇಲೆ ಕಪ್ ಶಾಶ್ವತವಾಗಿ ಅವರದ್ದಾಯಿತು.

ಆದರೆ ಪ್ರಯಾಣದ ಸಾಲ ತೀರಿಸುವುದು ಹೇಗೆ? ಕಪ್ಪನ್ನು ಊರಿನ ಹೋಟೆಲಿನ ಒಡತಿಯ ಹತ್ತಿರ 40 ಪೌಂಡಿಗೆ ಒತ್ತೆ ಇಟ್ಟರು. ಬಿಡಿಸಿಕೊಂಡದ್ದು 1960ರಲ್ಲಿ, 100 ಪೌಂಡ್ ಕೊಟ್ಟು. ಅರ್ಧ ಶತಮಾನ ಆ ಕಪ್ ಅಡವಿನಲ್ಲಿತ್ತು. ಇಂಥ ಆಟಗಾರರ ಬಗ್ಗೆ ಒಲಿಂಪಿಕ್ ನಿಯಮಕ್ಕೆ ಯೋಚನೆಯೇ ಇರಲಿಲ್ಲ.

1912ರ ಸ್ಟಾಕ್‌ಹೋಮ್‌ನಲ್ಲೂ ಬ್ರಿಟನ್ ಮತ್ತು ಡೆನ್ಮಾರ್ಕ್ ನಡುವೆಯೇ ಫೈನಲ್, ಬ್ರಿಟನ್ನಿಗೇ ಚಿನ್ನ. ಆ ಟೂರ್ನಿಯಲ್ಲಿ ಜರ್ಮನಿ ರಷ್ಯಾವನ್ನು 16-0ರಿಂದ ಸೋಲಿಸಿತು. ಗಾಟ್‌ಫ್ರೀಡ್ ಫುಕ್ಸ್ 10 ಗೋಲು ಹೊಡೆದ. ಇವನನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಫುಕ್ಸ್ ಯೆಹೂದಿ. ಜರ್ಮನಿಯಲ್ಲಿ ನಾಜಿಗಳು ಬಂದ ಮೇಲೆ ದೇಶ ಬಿಟ್ಟು ಓಡಬೇಕಾಯಿತು, ಕೊನೆಗೆ ಕೆನಡಾ ಸೇರಿದ. ಅವನ ಜೊತೆ ಅದೇ ಕ್ಲಬ್ಬಿನಲ್ಲಿ, ಅದೇ ದೇಶದ ತಂಡದಲ್ಲಿ ಆಡಿದ ಇನ್ನೊಬ್ಬ ಯೆಹೂದಿ ಯೂಲಿಯಸ್ ಹಿರ್ಷ್. ಅವನನ್ನು 1943ರಲ್ಲಿ ನಾಜಿಗಳ ಸಾವಿನ ಶಿಬಿರವಾದ ಔಶ್ವಿಟ್ಸ್‌ಗೆ ಸಾಗಿಸಿದರು. ವಾಪಸ್ ಬರಲಿಲ್ಲ.

ಕಡಲಾಚೆ ನಡೆದದ್ದು

ಯುರೋಪ್ ಮೊದಲ ಮಹಾಯುದ್ಧದಲ್ಲಿ ಮುಳುಗಿದ್ದಾಗ ದಕ್ಷಿಣ ಅಮೆರಿಕದಲ್ಲಿ ಬೇರೆಯೇ ಸಂಗತಿ ನಡೆಯುತ್ತಿತ್ತು. 1916ರ ಜುಲೈ, ಅರ್ಜೆಂಟೀನಾ ಸ್ವಾತಂತ್ರ್ಯದ ನೂರನೇ ವರ್ಷ. ಬ್ಯೂನಸ್ ಐರಿಸ್‌ನಲ್ಲಿ ನಾಲ್ಕು ದೇಶಗಳ ಟೂರ್ನಿ: ಅರ್ಜೆಂಟೀನಾ, ಉರುಗ್ವೆ, ಬ್ರೆಜಿಲ್, ಚಿಲಿ. ಇವತ್ತು ನಾವು ಕೋಪಾ ಅಮೆರಿಕಾ ಅಂತ ನೋಡುವುದು ಇದನ್ನೇ. ಈಗಲೂ ನಡೆಯುತ್ತಿರುವ ಖಂಡಮಟ್ಟದ ಟೂರ್ನಿಗಳಲ್ಲಿ ಎಲ್ಲಕ್ಕಿಂತ ಹಳೆಯದು.

ಮೊದಲ ಪಂದ್ಯದಲ್ಲೇ ಉರುಗ್ವೆ ಚಿಲಿಯನ್ನು 4-0ರಿಂದ ಸೋಲಿಸಿತು. ಎರಡು ಗೋಲು ಇಸಬೆಲಿನೊ ಗ್ರಾದಿನ್ ಹೊಡೆದದ್ದು. ಓಟದಲ್ಲೂ ದಕ್ಷಿಣ ಅಮೆರಿಕಕ್ಕೇ ಚಾಂಪಿಯನ್ ಆಗಿದ್ದವನು ಅವನು. ಮರುದಿನ ಚಿಲಿಯವರು ತಕರಾರು ತೆಗೆದರು. ಉರುಗ್ವೆ ತಂಡದಲ್ಲಿ ಇಬ್ಬರು ಆಫ್ರಿಕದವರು ಆಡಿದ್ದಾರೆ, ಪಂದ್ಯ ರದ್ದು ಮಾಡಿ! ಆ ಇಬ್ಬರು ಗ್ರಾದಿನ್ ಮತ್ತು ಹುವಾನ್ ದೆಲ್ಗಾದೊ. ಇಬ್ಬರೂ ಉರುಗ್ವೆಯಲ್ಲೇ ಹುಟ್ಟಿ ಬೆಳೆದವರು. ಅವರ ಹಿರಿಯರನ್ನು ಗುಲಾಮರಾಗಿ ತಂದಿದ್ದರು, ಅಷ್ಟೇ. ಆ ಕಾಲದಲ್ಲಿ ಕಪ್ಪು ಆಟಗಾರರನ್ನು ದೇಶದ ತಂಡಕ್ಕೆ ಸೇರಿಸಿಕೊಂಡ ದೇಶ ಬಹಳ ಅಪರೂಪ. ತಕರಾರು ನಿಲ್ಲಲಿಲ್ಲ. ಉರುಗ್ವೆಯೇ ಚಾಂಪಿಯನ್ ಆಯಿತು, ಗ್ರಾದಿನ್ ಟೂರ್ನಿಯಲ್ಲೇ ಹೆಚ್ಚು ಗೋಲು ಹೊಡೆದವನಾದ.

ದೇಶದ ತಂಡ ಅಂದರೆ ಯಾರ ತಂಡ? ಈ ಪ್ರಶ್ನೆಗೆ ಉರುಗ್ವೆ ಮಿಕ್ಕವರಿಗಿಂತ ಮೊದಲೇ ಒಂದು ಉತ್ತರ ಕಂಡುಕೊಂಡಿತ್ತು. ಆಟ ಬಂದರೆ ಸಾಕು. ಬಣ್ಣ ಬೇಡ, ಮನೆತನ ಬೇಡ.

1924, ಪ್ಯಾರಿಸ್

ಈಗ ಮೊದಲ ನಕ್ಷತ್ರಕ್ಕೆ ಬರೋಣ.

1904ರಲ್ಲಿ ಪ್ಯಾರಿಸ್‌ನಲ್ಲಿ ಏಳು ದೇಶಗಳು ಸೇರಿ ಫಿಫಾ ಎಂಬ ವಿಶ್ವ ಫುಟ್‌ಬಾಲ್ ಸಂಸ್ಥೆಯನ್ನು ಕಟ್ಟಿದ್ದವು. ತನ್ನದೇ ಆದ ವಿಶ್ವ ಟೂರ್ನಿ ನಡೆಸುವ ಶಕ್ತಿ ಅದಕ್ಕಿನ್ನೂ ಇರಲಿಲ್ಲ. ಹಾಗಾಗಿ 1914ರಲ್ಲಿ ಒಂದು ನಿರ್ಧಾರ ಮಾಡಿತು: ನಮ್ಮ ನಿಯಮದ ಪ್ರಕಾರ ನಡೆಸುವುದಾದರೆ ಒಲಿಂಪಿಕ್ ಫುಟ್‌ಬಾಲನ್ನು ಹವ್ಯಾಸಿಗಳ ವಿಶ್ವ ಚಾಂಪಿಯನ್‌ಷಿಪ್ ಅಂತ ಒಪ್ಪುತ್ತೇವೆ. ಈ ಒಂದು ಸಾಲನ್ನು ನೆನಪಿಟ್ಟುಕೊಳ್ಳಿ. ಉರುಗ್ವೆಯ ಎರಡು ನಕ್ಷತ್ರಗಳು ನೇತಾಡುತ್ತಿರುವುದು ಇದೇ ಮೊಳೆಗೆ.

1920ರ ಆಂಟ್‌ವರ್ಪ್ ಒಲಿಂಪಿಕ್ಸ್ ಯುದ್ಧದ ಬೂದಿಯ ನಡುವೆ ನಡೆಯಿತು. ಫೈನಲ್ ಅರ್ಧದಲ್ಲೇ ಚೆಕೊಸ್ಲೊವಾಕಿಯಾದವರು ರೆಫರಿಯ ಮೇಲೆ ಸಿಟ್ಟಾಗಿ ಮೈದಾನ ಬಿಟ್ಟು ಹೋದರು, ಬೆಲ್ಜಿಯಂಗೆ ಚಿನ್ನ ಸಿಕ್ಕಿತು. ಜಗತ್ತಿನ ಟೂರ್ನಿ ಅನ್ನಿಸುವಂಥದ್ದು ನಡೆದದ್ದು ಅದರ ಮುಂದಿನದು. 1924ರ ಪ್ಯಾರಿಸ್‌ನಲ್ಲಿ 22 ತಂಡಗಳಿದ್ದವು. ಯುರೋಪಿನ ಜೊತೆ ಈಜಿಪ್ಟ್, ಅಮೆರಿಕ, ಟರ್ಕಿ, ಮತ್ತು ಮೊದಲ ಬಾರಿಗೆ ದಕ್ಷಿಣ ಅಮೆರಿಕದ ಒಂದು ತಂಡ: ಉರುಗ್ವೆ.

ಆ ತಂಡ ಬಂದ ರೀತಿ ನೋಡಿ. ದುಡ್ಡಿರಲಿಲ್ಲ. ಫುಟ್‌ಬಾಲ್ ಸಂಸ್ಥೆಯ ಅತಿಲಿಯೊ ನರಾನ್ಸಿಯೊ ಎಂಬ ವೈದ್ಯರು ತಮ್ಮ ಮನೆಯನ್ನೇ ಅಡವಿಟ್ಟರು. ಹಡಗಿನಲ್ಲಿ ಮೂರನೇ ದರ್ಜೆ. ಸ್ಪೇನಿನಲ್ಲಿ ಇಳಿದು ಊರಿಂದೂರಿಗೆ ಪಂದ್ಯ ಆಡುತ್ತಾ, ಟಿಕೆಟ್ ದುಡ್ಡಿನಲ್ಲಿ ಮುಂದಿನ ಊಟ ವಸತಿ ನೋಡಿಕೊಳ್ಳುತ್ತಾ ಪ್ಯಾರಿಸ್ ಸೇರಿದರು. ಒಂಬತ್ತು ಪಂದ್ಯ ಆಡಿ ಒಂಬತ್ತನ್ನೂ ಗೆದ್ದಿದ್ದರು.

ಯಾರ್‍ಯಾರಿದ್ದರು ತಂಡದಲ್ಲಿ? ನಾಯಕ ಹೊಸೆ ನಸಾಸಿ ಅಮೃತಶಿಲೆ ಕತ್ತರಿಸುವ ಕೆಲಸಗಾರ. ಪೆದ್ರೊ ಅರಿಸ್ಪೆ ಮಾಂಸದ ಕಾರ್ಖಾನೆಯವನು. ಪೆದ್ರೊ ಸೆಯಾ ಮನೆಮನೆಗೆ ಐಸ್ ಗಡ್ಡೆ ಹಾಕುತ್ತಿದ್ದ. ಇನ್ನೂ ಇಪ್ಪತ್ತು ತುಂಬದ ಪೆದ್ರೊ ಪೆತ್ರೋನೆ ದಿನಸಿ ಅಂಗಡಿಯಲ್ಲಿದ್ದ. ಹೊಸೆ ಲಿಯಾಂದ್ರೊ ಆಂದ್ರಾದೆ ಬೂಟ್ ಪಾಲಿಷ್ ಮಾಡಿದವನು, ಕಾರ್ನಿವಲ್‌ನಲ್ಲಿ ವಾದ್ಯ ನುಡಿಸುತ್ತಿದ್ದವನು. 1908ರ ಲಂಡನ್ ತಂಡದ ಪಟ್ಟಿಯ ಪಕ್ಕ ಈ ಪಟ್ಟಿಯನ್ನು ಇಟ್ಟು ನೋಡಿದರೆ ಹದಿನಾರು ವರ್ಷದಲ್ಲಿ ಆಟ ಯಾರ ಕಾಲಿಗೆ ಬಂದು ಸೇರಿತ್ತು ಅಂತ ಗೊತ್ತಾಗುತ್ತದೆ.

ಮೊದಲ ಪಂದ್ಯ ಯುಗೊಸ್ಲಾವಿಯಾ ಎದುರು. ಎದುರಾಳಿಗಳು ಉರುಗ್ವೆಯವರ ಅಭ್ಯಾಸ ನೋಡಲು ಗುಟ್ಟಾಗಿ ಜನ ಕಳಿಸಿದ್ದರಂತೆ. ಇವರಿಗೆ ಅದು ಗೊತ್ತಾಯಿತು. ಬೇಕಂತಲೇ ಚೆಂಡನ್ನು ಆಕಾಶಕ್ಕೆ ಒದ್ದು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ಏನೂ ಬಾರದವರ ಹಾಗೆ ಆಡಿ ತೋರಿಸಿದರು. ‘ಪಾಪ, ಅಷ್ಟು ದೂರದಿಂದ ಬಂದಿದ್ದಾರೆ’ ಅಂತ ಗೂಢಚಾರರು ವರದಿ ಒಪ್ಪಿಸಿದರು ಅನ್ನುವ ಕಥೆ ಇದೆ. ಮೇ 26ರಂದು ಪಂದ್ಯ. ಉರುಗ್ವೆಯ ಬಾವುಟವನ್ನು ತಲೆಕೆಳಗೆ ಏರಿಸಿದ್ದರು. ನೋಡಲು ಬಂದದ್ದು ಕೆಲವೇ ಸಾವಿರ ಜನ. ಅವರ ಕಣ್ಣೆದುರು ಉರುಗ್ವೆ 7-0ರಿಂದ ಗೆದ್ದಿತು.

ಯುರೋಪ್ ಅಲ್ಲಿಯವರೆಗೆ ಕಂಡಿದ್ದು ಇಂಗ್ಲಿಷ್ ಶೈಲಿ. ಚೆಂಡನ್ನು ಉದ್ದಕ್ಕೆ ಒದಿ, ಹಿಂದೆ ಓಡು. ಇವರು ಚೆಂಡನ್ನು ನೆಲ ಬಿಡಿಸುತ್ತಲೇ ಇರಲಿಲ್ಲ. ಚಿಕ್ಕಚಿಕ್ಕ ಪಾಸು, ಕಾಲಿನಿಂದ ಕಾಲಿಗೆ, ಇದ್ದಕ್ಕಿದ್ದಂತೆ ಓಟದ ವೇಗ ಬದಲು. ಆಂದ್ರಾದೆಯ ಆಟ ನೋಡಿ ಪ್ಯಾರಿಸ್ ಹುಚ್ಚೆದ್ದಿತು. ಅಮೆರಿಕವನ್ನು 3-0, ಮನೆಯಂಗಳದ ಫ್ರಾನ್ಸನ್ನು 5-1, ಸೆಮಿಫೈನಲ್‌ನಲ್ಲಿ ನೆದರ್ಲೆಂಡ್ಸನ್ನು 2-1. ಜೂನ್ 9ರ ಫೈನಲ್‌ಗೆ ನಲವತ್ತು ಸಾವಿರ ಜನ ಸೇರಿದ್ದರು. ಸ್ವಿಟ್ಜರ್ಲೆಂಡ್ 3-0ರಿಂದ ಸೋತಿತು.

ಈ ಗೆಲುವು ಫುಟ್‌ಬಾಲ್ ಭಾಷೆಗೂ ಒಂದು ಪದ ಕೊಟ್ಟಿತು. ಅದೇ ವರ್ಷ ನಿಯಮ ಬದಲಾಗಿ, ಕಾರ್ನರ್ ಕಿಕ್‌ನಿಂದ ನೇರವಾಗಿ ಚೆಂಡು ಬಲೆಗೆ ಬಿದ್ದರೆ ಗೋಲು ಅಂತ ಆಗಿತ್ತು. ಚಾಂಪಿಯನ್ನರು ಊರಿಗೆ ಬಂದ ಮೇಲೆ ಅರ್ಜೆಂಟೀನಾ ಅವರನ್ನು ಪಂದ್ಯಕ್ಕೆ ಕರೆಯಿತು. ಬ್ಯೂನಸ್ ಐರಿಸ್‌ನಲ್ಲಿ ಜನ ಮೈದಾನದೊಳಕ್ಕೇ ನುಗ್ಗಿ ಪಂದ್ಯ ನಿಂತುಹೋಯಿತು. ಸುತ್ತ ತಂತಿ ಬೇಲಿ ಹಾಕಿ ಅಕ್ಟೋಬರ್ 2ಕ್ಕೆ ಮತ್ತೆ ಆಡಿದರು. ಅರ್ಜೆಂಟೀನಾದ ಸೆಸಾರಿಯೊ ಓನ್ಸಾರಿ ಮೂಲೆಯಿಂದ ಒದ್ದ ಚೆಂಡು ಬಾಳೆಕಾಯಿಯಂತೆ ಬಾಗಿ, ಯಾರಿಗೂ ತಾಗದೆ, ಗೋಲ್‌ಕೀಪರ್ ಮಸಾಲಿಯನ್ನು ದಾಟಿ ಒಳಗೆ ಬಿತ್ತು. ಒಲಿಂಪಿಕ್ ಚಾಂಪಿಯನ್ನರ ಮೇಲೆ ಬಿದ್ದ ಗೋಲು, ಹಾಗಾಗಿ ‘ಒಲಿಂಪಿಕ್ ಗೋಲು’. ಇವತ್ತಿಗೂ ಲ್ಯಾಟಿನ್ ಅಮೆರಿಕದಲ್ಲಿ ನೇರ ಕಾರ್ನರ್ ಗೋಲಿಗೆ ಅದೇ ಹೆಸರು. ಒಲಿಂಪಿಕ್ಸ್‌ನಲ್ಲಿ ಹೊಡೆಯದೆ ಇದ್ದರೂ!

ಜಗಳ ಮುರಿದುಬಿದ್ದದ್ದು

ಈ ಹೊತ್ತಿಗೆ ಯುರೋಪಿನಲ್ಲಿ ಪರಿಸ್ಥಿತಿ ಬದಲಾಗಿತ್ತು. ಆಸ್ಟ್ರಿಯಾ 1924ರಲ್ಲಿ ಸಂಬಳದ ಲೀಗ್ ಶುರು ಮಾಡಿತು. ಚೆಕೊಸ್ಲೊವಾಕಿಯಾ, ಹಂಗೆರಿ ಹಿಂದೆಯೇ ಬಂದವು. ಅಂದರೆ ಯುರೋಪಿನ ಅತ್ಯುತ್ತಮ ಆಟಗಾರರಲ್ಲಿ ಬಹಳಷ್ಟು ಜನಕ್ಕೆ ಒಲಿಂಪಿಕ್ಸ್ ಬಾಗಿಲು ಮುಚ್ಚಿತು. 1928ರಲ್ಲಿ ಈ ಮೂರೂ ದೇಶಗಳು ಬರಲೇ ಇಲ್ಲ. ಬೇರೆ ದೇಶಗಳಲ್ಲಿ ಎಲ್ಲವೂ ಒಳಗೊಳಗೇ. ಕಾಗದದಲ್ಲಿ ಹವ್ಯಾಸಿ, ಕೈಯಲ್ಲಿ ಲಕೋಟೆ.

ಫಿಫಾ ‘ಬ್ರೋಕನ್ ಟೈಮ್’ ಪರಿಹಾರಕ್ಕೆ ಒಪ್ಪಿತು. ಕೂಲಿ ಕಳೆದುಕೊಂಡವನಿಗೆ ಕೂಲಿ ಕೊಟ್ಟ ಮಾತ್ರಕ್ಕೆ ಅವನು ವೃತ್ತಿಪರ ಆಗುವುದಿಲ್ಲ ಅನ್ನುವುದು ಅದರ ನಿಲುವು. ಬ್ರಿಟನ್ನಿನ ನಾಲ್ಕೂ ಸಂಸ್ಥೆಗಳು ಇದಕ್ಕೆ ಕೆರಳಿ 1928ರಲ್ಲಿ ಫಿಫಾವನ್ನೇ ಬಿಟ್ಟು ಹೊರನಡೆದವು. ತಮಾಷೆಯೆಂದರೆ ತಮ್ಮ ಮನೆಯಲ್ಲಿ ಸಂಬಳದ ಆಟವನ್ನು ಎಲ್ಲರಿಗಿಂತ ಮೊದಲು ಒಪ್ಪಿದವರೇ ಇವರು. ಅವರ ವಾದದಲ್ಲಿ ಒಂದು ನೇರತನ ಇತ್ತು ಅನ್ನಬೇಕು: ಸಂಬಳ ಕೊಟ್ಟರೆ ವೃತ್ತಿಪರ, ಕೊಡದಿದ್ದರೆ ಹವ್ಯಾಸಿ, ನಡುವೆ ಮೂರನೆಯದಿಲ್ಲ. ಆದರೆ ಐಸ್ ಹಾಕುವ ಪೆದ್ರೊ ಸೆಯಾ ನಿಂತಿದ್ದು ಆ ನಡುವಿನಲ್ಲೇ.

1928ರ ಮೇ ಕೊನೆಯ ಹೊತ್ತು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಫಿಫಾ ಸಭೆ ಸೇರಿತು. ಫ್ರಾನ್ಸಿನ ಫುಟ್‌ಬಾಲ್ ಸಂಸ್ಥೆಯ ಆಂರಿ ದೆಲೊನೆ ಬಹಳ ದಿನದಿಂದ ಹೇಳುತ್ತಿದ್ದ ಮಾತು ಇದು: ಒಲಿಂಪಿಕ್ಸ್ ಚೌಕಟ್ಟಿನಲ್ಲಿ ಇನ್ನು ಫುಟ್‌ಬಾಲ್ ಹಿಡಿಸುವುದಿಲ್ಲ, ಅಲ್ಲಿ ದೇಶಗಳು ತಮ್ಮ ಅತ್ಯುತ್ತಮ ಆಟಗಾರರನ್ನು ಇಳಿಸಲು ಆಗುತ್ತಿಲ್ಲ. ಹವ್ಯಾಸಿ, ವೃತ್ತಿಪರ ಅನ್ನದೆ ಎಲ್ಲರಿಗೂ ತೆರೆದ ಟೂರ್ನಿಯನ್ನು ಫಿಫಾವೇ ನಡೆಸಬೇಕು ಅಂತ ಅಲ್ಲಿ ಮತ ಹಾಕಿ ತೀರ್ಮಾನಿಸಿದರು. ವಿಶ್ವಕಪ್ ಹುಟ್ಟಿದ್ದು ಆ ಸಭೆಯಲ್ಲಿ.

ನಮಗೆ ಇನ್ನೊಂದು ಕಾರಣಕ್ಕೆ ಆ ಆಮ್‌ಸ್ಟರ್‌ಡ್ಯಾಮ್ ಗೊತ್ತು. ಮೇ 26ರಂದು ಅಲ್ಲಿಯೇ ಧ್ಯಾನ್‌ಚಂದ್ ಅವರ ಭಾರತ ಹಾಕಿಯಲ್ಲಿ ಮೊದಲ ಒಲಿಂಪಿಕ್ ಚಿನ್ನ ಗೆದ್ದಿತು, ನೆದರ್ಲೆಂಡ್ಸ್ ಎದುರು 3-0. ಮರುದಿನ ಫುಟ್‌ಬಾಲ್ ಪಂದ್ಯಗಳು ಶುರುವಾದವು.

ಈ ಸಲ ಫೈನಲ್‌ಗೆ ಬಂದದ್ದು ಉರುಗ್ವೆ ಮತ್ತು ಅರ್ಜೆಂಟೀನಾ. ರಿಯೊ ದೆ ಲಾ ಪ್ಲಾಟಾ ಎಂಬ ಒಂದೇ ನದಿಯ ಎರಡು ದಡದವರು. ಮೊದಲ ದಿನ 1-1. ಮೂರು ದಿನ ಬಿಟ್ಟು ಮತ್ತೆ ಆಡಿದರು. ಹೆಕ್ಟರ್ ಸ್ಕರೋನೆ ಹೊಡೆದ ಗೋಲಿನಿಂದ ಉರುಗ್ವೆ 2-1ರಿಂದ ಗೆದ್ದಿತು. ಎರಡನೇ ನಕ್ಷತ್ರ.

ಹೊಸ ಟೂರ್ನಿ, ಹಳೆಯ ಕೂಲಿ ಲೆಕ್ಕ

1930ರ ಮೊದಲ ವಿಶ್ವಕಪ್ಪನ್ನು ಉರುಗ್ವೆಗೆ ಕೊಟ್ಟರು. ಎರಡು ಸಲದ ಚಾಂಪಿಯನ್ನರು, ಜೊತೆಗೆ ಅವರ ಸಂವಿಧಾನಕ್ಕೆ ನೂರು ವರ್ಷ. ಬರುವವರ ಪ್ರಯಾಣ, ಊಟ, ವಸತಿ ಎಲ್ಲ ನಮ್ಮದೇ ಅಂದರು, ಹೊಸ ಸ್ಟೇಡಿಯಂ ಕಟ್ಟುತ್ತೇವೆ ಅಂದರು. ಆದರೂ ಯುರೋಪಿನಿಂದ ಬಂದದ್ದು ನಾಲ್ಕೇ ತಂಡ: ಫ್ರಾನ್ಸ್, ಬೆಲ್ಜಿಯಂ, ರೊಮೇನಿಯಾ, ಯುಗೊಸ್ಲಾವಿಯಾ. ಹಡಗಿನ ಪ್ರಯಾಣವೇ ಎರಡು ವಾರ. ಯಾರು ರಜೆ ಕೊಡುತ್ತಾರೆ?

ಅದೇ ಕೂಲಿ ಲೆಕ್ಕ ಮತ್ತೆ ಎದುರಾಯಿತು ನೋಡಿ. ಫ್ರಾನ್ಸಿನ ತಂಡದ ಮುಖ್ಯಸ್ಥ ಗಸ್ತೋಂ ಬರೊ ಅವರಿಗೆ ಕೆಲಸದಿಂದ ರಜೆ ಸಿಗಲಿಲ್ಲ, ತಂಡ ಅವರಿಲ್ಲದೆ ಹೋಯಿತು. ರೊಮೇನಿಯಾದ ಆಟಗಾರರಿಗೆ ರಜೆ ಕೊಡಿಸಲು ಸ್ವತಃ ರಾಜ ಎರಡನೇ ಕ್ಯಾರಲ್ ಮಾಲೀಕರ ಜೊತೆ ಮಾತಾಡಬೇಕಾಯಿತು. ಅರ್ಜೆಂಟೀನಾದ ನಾಯಕ ಮನುವೆಲ್ ಫೆರೇರಾ ಕಾನೂನು ಪರೀಕ್ಷೆ ಬರೆಯಲು ಟೂರ್ನಿಯ ನಡುವೆ ಊರಿಗೆ ಹೋದ. ಅವನಿಲ್ಲದ ಪಂದ್ಯದಲ್ಲಿ ಅವಕಾಶ ಸಿಕ್ಕಿದ್ದು ಗಿಲೆರ್ಮೊ ಸ್ತಾಬಿಲೆಗೆ. ದೇಶದ ಪರ ಮೊದಲ ಪಂದ್ಯ, ಮೂರು ಗೋಲು. ಒಟ್ಟು ನಾಲ್ಕು ಪಂದ್ಯ, ಎಂಟು ಗೋಲು, ಟೂರ್ನಿಯಲ್ಲೇ ಅತಿ ಹೆಚ್ಚು. ಆಮೇಲೆ ಅವನು ಅರ್ಜೆಂಟೀನಾ ಪರ ಆಡಲೇ ಇಲ್ಲ. ಒಬ್ಬ ಪರೀಕ್ಷೆಗೆ ಹೋದದ್ದರಿಂದ ಇನ್ನೊಬ್ಬನ ಹೆಸರು ಇಂದಿಗೂ ಉಳಿದಿದೆ.

ವಿಶ್ವಕಪ್ಪಿನ ಮೊತ್ತಮೊದಲ ಗೋಲು ಹೊಡೆದ ಲೂಸಿಯನ್ ಲೊರಾನ್ ಪೂಜೋ ಕಾರು ಕಾರ್ಖಾನೆಯ ಕೆಲಸಗಾರ. ಜುಲೈ 13, ಮೆಕ್ಸಿಕೊ ಎದುರು, 19ನೇ ನಿಮಿಷ. ಜುಲೈ ಅಂದರೆ ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದಲ್ಲಿ ಚಳಿಗಾಲ. ಗೋಲು ಬಿದ್ದಾಗ ಕುಣಿತ ಗಿಣಿತ ಏನೂ ಇಲ್ಲ. ಜೊತೆಯವರು ಕೈಕುಲುಕಿದರು, ಆಟ ಮುಂದುವರಿಯಿತು. ಆಗ ಅದು ಚರಿತ್ರೆ ಅಂತ ಯಾರಿಗೆ ಗೊತ್ತಿತ್ತು? ಲೊರಾನ್ 2005ರವರೆಗೆ ಬದುಕಿದ್ದರು, 1998ರಲ್ಲಿ ತಮ್ಮ ದೇಶ ವಿಶ್ವಕಪ್ ಗೆದ್ದದ್ದನ್ನೂ ನೋಡಿದರು.

ಜುಲೈ 30ರ ಫೈನಲ್‌ಗೆ ಮತ್ತೆ ಅದೇ ಇಬ್ಬರು, ಉರುಗ್ವೆ ಮತ್ತು ಅರ್ಜೆಂಟೀನಾ. ಬೆಲ್ಜಿಯಂನ ರೆಫರಿ ಜಾನ್ ಲಾಂಗೆನಸ್ ತನ್ನ ಜೀವಕ್ಕೆ ಭದ್ರತೆಯ ಮಾತು ಪಡೆದ ಮೇಲೆಯೇ ಒಪ್ಪಿಕೊಂಡರು. ಯಾರ ಚೆಂಡಿನಲ್ಲಿ ಆಡುವುದು ಅಂತ ಜಗಳ. ಕೊನೆಗೆ ಮೊದಲರ್ಧ ಅರ್ಜೆಂಟೀನಾದ ಚೆಂಡು, ಎರಡನೇ ಅರ್ಧ ಉರುಗ್ವೆಯ ಚೆಂಡು. ಮೊದಲರ್ಧ ಮುಗಿದಾಗ ಅರ್ಜೆಂಟೀನಾ 2-1ರಿಂದ ಮುಂದಿತ್ತು. ಪಂದ್ಯ ಮುಗಿದಾಗ ಉರುಗ್ವೆ 4-2. ಕೊನೆಯ ಗೋಲು ಹೆಕ್ಟರ್ ಕಾಸ್ತ್ರೊನದು. ಹದಿಮೂರನೇ ವಯಸ್ಸಿನಲ್ಲಿ ಗರಗಸಕ್ಕೆ ಸಿಕ್ಕಿ ಬಲಗೈಯನ್ನು ಮೊಣಕೈಯಿಂದ ಕೆಳಗೆ ಕಳೆದುಕೊಂಡವನು ಅವನು.

ಈಗ ಒಂದು ಮುಖ್ಯವಾದ ಮಾತು. 1930ರ ಫೈನಲ್ ಆಡಿದ ಉರುಗ್ವೆ ತಂಡದಲ್ಲಿ ನಸಾಸಿ, ಆಂದ್ರಾದೆ, ಸ್ಕರೋನೆ, ಸೆಯಾ ಇದ್ದರು. ನಾಲ್ವರೂ 1924ರ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದವರು. ಎದುರಾಳಿ 1928ರಲ್ಲಿದ್ದ ಎದುರಾಳಿಯೇ. ನಾಯಕನೂ ಮೂರು ಸಲ ಒಬ್ಬನೇ. ಹಾಗಿದ್ದಾಗ 1930ರದ್ದು ಮಾತ್ರ ವಿಶ್ವ ಪಟ್ಟ, ಮೊದಲಿನವು ಅಲ್ಲ ಅಂದರೆ ಅವರಿಗೆ ಹೇಗೆ ಒಪ್ಪಿಗೆಯಾಗಬೇಕು? ಆ ಎರಡು ಟೂರ್ನಿಗಳು ಫಿಫಾ ನಿಯಮದಲ್ಲಿ ನಡೆದವು, ಆಗ ಅದಕ್ಕಿಂತ ದೊಡ್ಡ ಟೂರ್ನಿ ಭೂಮಿಯ ಮೇಲೆ ಇರಲಿಲ್ಲ ಅನ್ನುವುದು ಉರುಗ್ವೆಯ ವಾದ. 2022ರ ಕತಾರ್ ವಿಶ್ವಕಪ್ಪಿಗೂ ಅವರು ನಾಲ್ಕು ನಕ್ಷತ್ರ ಹಾಕಿಕೊಂಡೇ ಬಂದರು. ಎದುರು ವಾದವೂ ಇದೆ: ಇಂಗ್ಲೆಂಡಿನ ವೃತ್ತಿಪರರು ಇಲ್ಲ, 1928ಕ್ಕೆ ಆಸ್ಟ್ರಿಯಾ ಇಲ್ಲ, ಅದು ಹೇಗೆ ವಿಶ್ವ ಪಟ್ಟ? ಆದರೆ 1930ರಲ್ಲಿ ಕೂಡ ಇಂಗ್ಲೆಂಡ್ ಇರಲಿಲ್ಲ, ಆಸ್ಟ್ರಿಯಾ ಇರಲಿಲ್ಲ, ಇದ್ದದ್ದು 13 ತಂಡ. 1924ರಲ್ಲಿ 22. ಲೆಕ್ಕ ಹಾಕಿದಷ್ಟೂ ನನಗೆ ಉರುಗ್ವೆಯವರ ಮಾತೇ ಸರಿ ಅನ್ನಿಸುತ್ತದೆ.

ಬೆಂಗಳೂರಿನ ಇಬ್ಬರು

ಒಲಿಂಪಿಕ್ಸ್ ಮತ್ತು ವಿಶ್ವಕಪ್‌ಗಳಲ್ಲಿ ದೊಡ್ಡದು ಯಾವುದು ಅನ್ನುವುದು 1930ಕ್ಕೇ ತೀರ್ಮಾನವಾಗಿಬಿಟ್ಟಿರಲಿಲ್ಲ. ಅದು ನಮ್ಮ ಚರಿತ್ರೆಯಿಂದಲೇ ಗೊತ್ತಾಗುತ್ತದೆ.

1948ರ ಲಂಡನ್ ಒಲಿಂಪಿಕ್ಸ್‌ಗೆ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಹೋಯಿತು. ನಾಯಕ ನಾಗಾ ಬೆಟ್ಟಗಳ ತಾಲಿಮೆರೆನ್ ಆವೊ, ವೈದ್ಯಕೀಯ ಓದುತ್ತಿದ್ದವರು. ತಂಡದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಇದ್ದರು, ಅಹ್ಮದ್ ಖಾನ್ ಇದ್ದರು. ಜುಲೈ 31ರಂದು ಇಲ್ಫರ್ಡ್‌ನ ಮೈದಾನದಲ್ಲಿ ಫ್ರಾನ್ಸ್ ಎದುರು ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಎರಡು ಪೆನಾಲ್ಟಿ ಸಿಕ್ಕಿತು, ಎರಡೂ ವ್ಯರ್ಥವಾದವು. 70ನೇ ನಿಮಿಷದಲ್ಲಿ ರಾಮನ್ ಗೋಲು ಹೊಡೆದು 1-1 ಮಾಡಿದರು. ಪಂದ್ಯ ಮುಗಿಯಲು ಒಂದು ನಿಮಿಷವಿದ್ದಾಗ ಫ್ರಾನ್ಸ್ ಇನ್ನೊಂದು ಹೊಡೆದು ಗೆದ್ದಿತು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಬೆಂಗಳೂರಿನವರ ಕಾಲಿನಿಂದ ಬಂದದ್ದು.

ಎರಡು ವರ್ಷದ ಮೇಲೆ ಬ್ರೆಜಿಲ್ ವಿಶ್ವಕಪ್. ಏಷ್ಯಾದ ಬೇರೆ ತಂಡಗಳು ಹಿಂದೆ ಸರಿದದ್ದರಿಂದ ಭಾರತಕ್ಕೆ ಜಾಗ ಸಿಕ್ಕಿತ್ತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪು. ಭಾರತ ಹೋಗಲಿಲ್ಲ. ಬರಿಗಾಲಿಗೆ ಅವಕಾಶ ಕೊಡದ್ದಕ್ಕೆ ಹೋಗಲಿಲ್ಲ ಅನ್ನುವ ಕಥೆ ಇಂದಿಗೂ ಹರಿದಾಡುತ್ತದೆ. ಅದು ನಿಜವಾದ ಕಾರಣ ಅಲ್ಲ. ದೂರದ ಹಡಗು ಪ್ರಯಾಣ ಒಂದು ಕಡೆಯಾದರೆ, ವಿಶ್ವಕಪ್ ಅಂದರೆ ಅಷ್ಟು ದೊಡ್ಡದು ಅಂತ ಇಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ನಮಗೆ ಆಗ ಒಲಿಂಪಿಕ್ಸೇ ಎಲ್ಲ ಅಂತ ಆ ಕಾಲದ ಆಟಗಾರ ಶೈಲೆನ್ ಮನ್ನಾ ಮುಂದೆ ಹೇಳಿಕೊಂಡಿದ್ದರು. ಅಹ್ಮದ್ ಖಾನ್ ಅವರಿಗೆ ಆಗ 23 ವರ್ಷ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಮತ್ತೆ ಹೋದರು. ಯುಗೊಸ್ಲಾವಿಯಾ ಎದುರು ಭಾರತ 10-1ರಿಂದ ಸೋತ ಪಂದ್ಯದಲ್ಲಿ ಆ ಒಂದು ಗೋಲು ಅವರದ್ದು.

ಭಾರತ ಹೋಗದ ಆ ವಿಶ್ವಕಪ್ಪಿನ ಕೊನೆಯ ದಿನ, 1950ರ ಜುಲೈ 16ರಂದು, ರಿಯೊ ನಗರದ ಮರಕಾನಾ ಸ್ಟೇಡಿಯಂನಲ್ಲಿ ಉರುಗ್ವೆ ಬ್ರೆಜಿಲನ್ನು 2-1ರಿಂದ ಸೋಲಿಸಿತು. ತಂಡದಲ್ಲಿ ವಿಕ್ಟರ್ ರೊಡ್ರಿಗೆಜ್ ಎಂಬ ಹುಡುಗನಿದ್ದ. 1924ರಲ್ಲಿ ಪ್ಯಾರಿಸ್ಸನ್ನು ಬೆರಗುಗೊಳಿಸಿದ್ದ ಹೊಸೆ ಲಿಯಾಂದ್ರೊ ಆಂದ್ರಾದೆಯ ಸೋದರಳಿಯ. ಮಾವನ ಮೇಲಿನ ಗೌರವಕ್ಕೆ ತನ್ನ ಹೆಸರಿನ ಜೊತೆ ಆಂದ್ರಾದೆ ಅಂತಲೂ ಇಟ್ಟುಕೊಂಡಿದ್ದ. ಜೆರ್ಸಿಯ ಮೇಲಿನ ಮೊದಲ ಮೂರು ನಕ್ಷತ್ರ ಮಾವ ಆಡಿ ಗೆದ್ದವು. ನಾಲ್ಕನೆಯದು ಅಳಿಯ ಆಡಿ ಗೆದ್ದದ್ದು.